ಕೂಗಳತೆ

ವಿಜಯಪುರದಿಂದ ಮೇಲೆದ್ದ ನಿರಿಗೆ ವಿಮಾನದಲ್ಲಿ ಪ್ರಯಾಣಿಕರ ಬಾಯಲ್ಲಿದ್ದ ಪೆಪ್ಪರಮಿಂಟು ಕರಗುವ ಮುನ್ನವೇ ತಾಷ್ಕೆಂಟ್ ಬಂದಿತ್ತು. ನಡುವಿನ ದಾರಿ ಸುಮಾರು ಎರಡು ಸಾವಿರದ ಎಂಟುನೂರು ಕಿಲೋಮೀಟರು. ಹಿಂದೆ ಅದನ್ನು ಹಾರಲು ನಾಲ್ಕು ತಾಸು ಬೇಕಾಗುತ್ತಿತ್ತು. ಈ ವಿಮಾನದ ವೇಗವೇನೂ ಹೆಚ್ಚಲ್ಲ. ಸೀರೆ ಉಡುವವರು ಬೆರಳುಗಳ ನಡುವೆ ನಿರಿಗೆ ಹಿಡಿಯುವಂತೆ ಎರಡು ಊರುಗಳ ನಡುವಿನ ದೂರವನ್ನೇ ಅದರ ಯಂತ್ರ ಮಡಿಸುತ್ತಿತ್ತು. ಯಂತ್ರವನ್ನು ಕಂಡುಹಿಡಿದವಳು ವಿಜಯಪುರದವಳೇ ಆದ ಡಾಕ್ಟರ್ ಮಹಾನಂದಾ.

ಮೊದಲ ಹಾರಾಟದ ದಿನ ಅಕ್ಕ ನೀಲವ್ವ ಹೋಳಿಗೆ ಬಡಿಸುತ್ತ ಕೇಳಿದ್ದಳು: “ಅಲ್ಲವ್ವಾ, ನಿರಿಗಿ ಹಿಡದೀದಿ, ಖರೆ. ಹಿಡದದ್ದನ್ನ ಎಲ್ಲಿ ಸಿಗಿಸಿದಿ?”

“ಆಕಾಶಕ್ಕೇನ ಟೊಂಕ ಐತೇನಕ್ಕಾ?” ಎಂದು ತಂಗಿ ನಕ್ಕಿದ್ದಳು.

ಅಕ್ಕತಂಗಿಯರ ಮನೆಗಳು ಎದುರುಬದುರು. ನಡುವೆ ಒಂದು ಅಂಗಳ, ಒಂದು ಬಿಲ್ವದ ಮರ. ನೀಲವ್ವನಿಗೆ ಉಬ್ಬಸ. ಉಸಿರು ಕಟ್ಟಿದಾಗ ಹೊಸ್ತಿಲಿಗೆ ಬಂದು ಒಮ್ಮೆ ಕೂಗಿದರೆ ಸಾಕು, ತಂಗಿ ಔಷಧಿ ಹಿಡಿದು ಓಡಿಬರುತ್ತಿದ್ದಳು. ಕೂಗಿದರೆ ಕೇಳುವಷ್ಟು ದೂರ, ಕೂಗಳತೆ. ನೀಲವ್ವನ ಜೀವ ನಿಂತಿದ್ದುದೇ ಅದರ ಮೇಲೆ.

ಬಾಕು, ಟೆಹರಾನ್ ಎಂದು ಹಾರಾಟಗಳು ಹೆಚ್ಚಾದವು. “ನಿಮ್ಮನಿಗೆ ತರೂದ್ರಾಗ ಸಾರು ಆರಿಹೋಗತೈತಿ ನೋಡು,” ಎಂದು ನೀಲವ್ವ ಗೊಣಗತೊಡಗಿದಳು. ಅಕ್ಕನ ಮೊಣಕಾಲಿಗೆ ವಯಸ್ಸಾಯಿತೆಂದುಕೊಂಡಳು ಮಹಾನಂದಾ. ಒಂದು ದಿನ ಬಿಲ್ವದ ನೆರಳು ಯಾವ ಹೊಸ್ತಿಲನ್ನೂ ಮುಟ್ಟದ್ದನ್ನು ಕಂಡು ಅಂಗಳವನ್ನು ಅಳೆಸಿದಳು. ಅದು ಬೆಳೆದಿತ್ತು. ಮಡಿಸಿದ ದೂರ ನಾಶವಾಗಿರಲಿಲ್ಲ. ಊರಿನ ಹೊಸ್ತಿಲು ಹೊಸ್ತಿಲುಗಳ ನಡುವೆ ಬಂದು ಸೇರುತ್ತಿತ್ತು.

ಹಾರಾಟ ನಿಲ್ಲಿಸಿರೆಂದು ವಿಮಾನ ಕಂಪನಿಯ ಅಧಿಕಾರಿಯನ್ನು ಬೇಡಿಕೊಂಡಳು.

“ಅಂಗಳ ದೊಡ್ಡದಾದ್ರ ಯಾರ ಬ್ಯಾಡಂತಾರ್ರಿ ಮೇಡಂ?” ಅವನು ನಕ್ಕ. “ಸೋಮವಾರ ಬರ್ಮಾದ ಮಾಂಡಲೆಗೂ ವಿಮಾನ ಸುರು ಮಾಡಾಕತ್ತೀವಿ. ಪೂಜೆಗೆ ನೀವ ಬರಬೇಕು.”

ಅವಳು ಹೋಗಲಿಲ್ಲ. ಆ ಸೋಮವಾರ ಸಂಜೆ ಫೋನು ಬಡಿದುಕೊಂಡಿತು.

“ಕೂಗಿದ್ನೆವ್ವಾ... ನಿನಗ ಕೇಳ್ಸಲಿಲ್ಲ.”

ಮಹಾನಂದಾ ಫೋನನ್ನು ಕಿವಿಗಿಟ್ಟುಕೊಂಡೇ ಔಷಧಿ ಹಿಡಿದು ಅಂಗಳಕ್ಕಿಳಿದಳು. ಎದುರು ಹೊಸ್ತಿಲಲ್ಲಿ ಅಕ್ಕ ಹಚ್ಚಿದ ದೀಪ ಕಾಣುತ್ತಿತ್ತು. ಓಡಿದಳು, ದಣಿದು ನಡೆದಳು. ಬಿಲ್ವದ ಮರವೇ ಇನ್ನೂ ಮುಂದಿತ್ತು. ಬೆಳಕಿಗೂ ಫೋನಿನ ಅಲೆಗೂ ಆ ದೂರ ಲೆಕ್ಕಕ್ಕಿಲ್ಲ. ಕಾಲಿಗೆ, ಕೊರಳಿಗೆ ಅದೇ ಎಲ್ಲ.

“ಎಲ್ಲಿದ್ದೀ?”

“ಅಂಗಳದಾಗ ಅದೀನಕ್ಕಾ. ಬಂದೆ.”

“ಹಂಗಾರ ಮಾಂಡಲೆಗೆ ಹೋಗಿ ಬಾ. ಅಲ್ಲಿಂದ ಹತ್ರ ಆದೀತು.” ನಗಲು ಹೋಗಿ ನೀಲವ್ವ ಕೆಮ್ಮಿದಳು.

“ಮಾತಾಡಬ್ಯಾಡ. ಶಿವನ್ನ ನೆನಿ.”

ಮೇಲೆ ಸಂಜೆಯ ವಿಮಾನ ಒಮ್ಮೆ ಹೊಳೆದು ಮಾಯವಾಯಿತು. ದೀಪ ಹಿಂದೆ ಸರಿದು ಜೋಳದ ಕಾಳಿನಷ್ಟಾಯಿತು. ಕಿವಿಯಲ್ಲಿ ಮಾತ್ರ ಅಕ್ಕ ಮಗ್ಗುಲಲ್ಲೇ ಕುಳಿತಂತೆ, ಶಿವ ಶಿವ ಎನ್ನುತ್ತಿದ್ದಳು. ಒಂದು ನಾಮಕ್ಕೂ ಇನ್ನೊಂದಕ್ಕೂ ನಡುವೆ ಈಗ ಬಹಳ ಹೊತ್ತು ಹಿಡಿಯುತ್ತಿತ್ತು. ಮಹಾನಂದಾ ನಡೆಯುತ್ತಲೇ ಇದ್ದಳು.

ಆ ಕಾಲ ಇನ್ನೂ ಬಂದಿಲ್ಲ. ಅಂಗಳಗಳು ಸದ್ಯಕ್ಕೆ ಇದ್ದಷ್ಟೇ ಇವೆ. ಓದಿದವರು ಒಮ್ಮೆ ಹೊಸ್ತಿಲಿಗೆ ಬಂದು ಎದುರು ಮನೆಯವರನ್ನು ಕೂಗಿ ನೋಡಲಿ. ಓಗೊಟ್ಟರೆ, ತಡಮಾಡದೆ ಹೋಗಿ ಬರಲಿ.