ಇಪ್ಪತ್ತನೇ ನಂಬರಿನ ಚಿಕ್ಕಮ್ಮ

“ಹದಿನೈದು ಜನಾನೂ ಎಣಿಸಿದೆ. ನಿನ್ ಚಿಕ್ಕಮ್ಮ ಎಲ್ಲೇ?”

ಜಡ್ಜ್ ಫೋನಿಗೆ ಮೂಗು ತಾಗಿಸಿಕೊಂಡೇ ಕೇಳಿದಳು. ಕ್ಲಾಸಿನಲ್ಲಿ ಯಾರು ಏನೇ ಹೇಳಲಿ, “ಸಾಕ್ಷಿ ತೋರ್ಸು” ಅನ್ನುವ ಹುಡುಗಿ ಅವಳು. ಅದಕ್ಕೇ ಆ ಹೆಸರು.

ದೇಶದ ರಗ್ಬಿ ಟೀಮಿಗೆ ತನ್ನ ಚಿಕ್ಕಮ್ಮನೇ ಕ್ಯಾಪ್ಟನ್ ಎಂದು ಚಿನಕುರುಳಿ ಇಡೀ ಐದನೇ ಕ್ಲಾಸಿಗೆ ಹೇಳಿಬಿಟ್ಟಿದ್ದಳು. ಚಿಕ್ಕಮ್ಮ ಟೀಮಿನಲ್ಲಿ ಇದ್ದದ್ದು ನಿಜ. ‘ಕ್ಯಾಪ್ಟನ್’ ಅನ್ನುವುದು ಮಾತಿನ ಭರದಲ್ಲಿ ತಾನಾಗಿಯೇ ಬಂದು ಸೇರಿಕೊಂಡಿತ್ತು.

“ಕ್ಯಾಪ್ಟನ್‌ನ ಕೊನೇಲಿ ಇಳಿಸ್ತಾರೆ. ಸೀಕ್ರೆಟ್ ಪ್ಲಾನ್,” ಎಂದಳು.

ಪಕ್ಕದಲ್ಲಿ ಬೆಡ್‌ಶೀಟ್ ಮಡಚುತ್ತಿದ್ದ ಅಮ್ಮನ ಕೈ ನಿಂತಿತು. ಮಗಳನ್ನೊಮ್ಮೆ ನೋಡಿ ಅಮ್ಮ ಮತ್ತೆ ಮಡಚತೊಡಗಿದಳು.

ಅದು ಅಮ್ಮ, ಚಿಕ್ಕಮ್ಮ ಇಬ್ಬರೂ ಕೆಲಸ ಮಾಡುವ ಲಾಂಡ್ರಿ. ಹೋಟೆಲಿನ ಬಟ್ಟೆಗಳಿಗೆ ಭಾನುವಾರದ ರಜೆ ಇಲ್ಲ. ಒಗೆದ ಬಿಳಿ ಬೆಡ್‌ಶೀಟುಗಳ ಗುಡ್ಡೆಗೆ ಅಮ್ಮನ ಫೋನನ್ನು ಒರಗಿಸಿ ಮ್ಯಾಚು ಹಾಕಿದ್ದರು. ಇಸ್ತ್ರಿಯ ಹಬೆ ಮೆಲ್ಲಗೆ ತೇಲಿ ಬಂದು ಫೋನಿನ ಮೇಲೆ ಕೂರುತ್ತಿತ್ತು. ಆಗ ಮೈದಾನ, ಆಟಗಾರ್ತಿಯರು, ಆ ದೂರದ ಊರಿನ ಆಕಾಶ ಎಲ್ಲವೂ ಮಂಜಿನೊಳಗೆ ಕರಗಿದಂತೆ ಕಾಣುತ್ತಿತ್ತು. ಚಿನಕುರುಳಿ ಅಂಗಿಯ ತೋಳಿನಿಂದ ಒರೆಸಿದರೆ ಮತ್ತೆ ಹಸಿರು.

“ಮುಂದೆ ಹೋಗ್ಬೇಕಾದೋರು ಚೆಂಡನ್ನ ಯಾಕೆ ಹಿಂದಕ್ಕೆ ಎಸೀತಾರೆ?” ಇಸ್ತ್ರಿ ಅಜ್ಜ ಕೇಳಿದರು. “ತಲೆಗಿಲೆ ಕೆಟ್ಟಿದ್ಯಾ?”

“ಕೈಯಿಂದ ಮುಂದಕ್ಕೆ ಎಸೆಯೋ ಹಾಗಿಲ್ಲ ಅಜ್ಜ. ಹಿಂದಿರೋರಿಗೇ ಕೊಡ್ಬೇಕು. ಹಿಡ್ಕೊಂಡು ಓಡಿ, ಆ ಗೆರೆ ಆಚೆ ನೆಲಕ್ಕೆ ಮುಟ್ಟಿಸಿದ್ರೆ ಐದು ಪಾಯಿಂಟ್,” ಎಂದಳು ಚಿನಕುರುಳಿ.

ಎದುರು ಟೀಮಿನವರು ಒಬ್ಬೊಬ್ಬರೂ ಬೀರುವಿನಷ್ಟಿದ್ದರು. ಹತ್ತು ವರ್ಷದಿಂದ ಅವರು ಯಾರಿಗೂ ಸೋತಿರಲಿಲ್ಲ. ನೋಡುನೋಡುತ್ತಲೇ ಅವರದು ಇಪ್ಪತ್ತಾಯಿತು, ಮೂವತ್ತಾರಾಯಿತು. ನಮ್ಮದು ಸೊನ್ನೆ ಬಿಟ್ಟು ಅಲುಗಲಿಲ್ಲ.

ಇಪ್ಪತ್ತು ನಿಮಿಷ ಉಳಿದಿರುವಾಗ, ಕಿವಿಗೆ ಟೇಪು ಸುತ್ತಿಕೊಂಡ ಒಬ್ಬಳು ಮೈದಾನಕ್ಕೆ ಓಡಿ ಬಂದಳು. ಬೆನ್ನ ಮೇಲೆ ಇಪ್ಪತ್ತನೇ ನಂಬರು.

“ಬಂದ್ಲು!” ಅಮ್ಮನ ಕೈಯಿಂದ ಬೆಡ್‌ಶೀಟ್ ಜಾರಿತು.

ಜಡ್ಜ್ ಮಾತ್ರ ಕಣ್ಣು ಕಿರಿದು ಮಾಡಿದಳು. “ರೆಫ್ರಿ ಹತ್ರ ಮಾತಾಡ್ತಿರೋದು ಎರಡನೇ ನಂಬರ್. ಕ್ಯಾಪ್ಟನ್ ಅಲ್ವಾ ಮಾತಾಡೋದು?”

ಸದ್ಯ, ಹಬೆ ಬಂದು ಫೋನನ್ನು ಮುಚ್ಚಿತು; ಚಿನಕುರುಳಿ ಒರೆಸಲು ಅವಸರ ಮಾಡಲಿಲ್ಲ.

ಚಿಕ್ಕಮ್ಮ ಒಂದು ಬೀರುವಿನತ್ತ ಓಡಿದಳು. ಲಾಂಡ್ರಿಯಲ್ಲಿ ಒದ್ದೆ ಬಟ್ಟೆಯ ಮೂಟೆಯನ್ನು ತಬ್ಬಿ ಎತ್ತುವ ಹಾಗೆ ಅದರ ಮೊಣಕಾಲು ತಬ್ಬಿದಳು. ಇಬ್ಬರೂ ದೊಪ್ಪೆಂದು ಬಿದ್ದರು. ಎದ್ದಳು, ಇನ್ನೊಬ್ಬಳನ್ನು ತಬ್ಬಿದಳು. “ಅಯ್ಯೋ, ನನ್ ಕೂಸೇ,” ಎಂದು ಅಮ್ಮ ಪ್ರತಿ ಸಲವೂ ಕಣ್ಣು ಮುಚ್ಚಿಕೊಂಡಳು. ಕಾಮೆಂಟರಿಯವರು ಒಂದು ಸಲವೂ ಚಿಕ್ಕಮ್ಮನ ಹೆಸರು ಹೇಳಲಿಲ್ಲ.

ಭೋಂ ಎಂದು ಹೂಟರ್ ಕೂಗಿತು. ನಲವತ್ತೆಂಟು, ಸೊನ್ನೆ.

“ಮುಗೀತು. ಪಾಪ, ಹೋಗಿ ಮಲ್ಕೊಳ್ಲಿ,” ಎಂದರು ಅಜ್ಜ.

“ಇಲ್ಲ ಅಜ್ಜ, ಚೆಂಡು ಮೈದಾನದಿಂದ ಹೊರಗೆ ಹೋದ್ರೆ, ಇಲ್ಲಾ ಕೈತಪ್ಪಿದ್ರೆ ಮುಗಿಯೋದು. ಅಲ್ಲೀವರೆಗೂ ಆಡ್ಬಹುದು.”

ಚೆಂಡು ನಮ್ಮವರ ಕೈಯಲ್ಲೇ ಇತ್ತು. ಒದ್ದು ಹೊರಗೆ ಹಾಕಿದ್ದರೆ ಎಲ್ಲರೂ ಕೂತು ನೀರು ಕುಡಿಯಬಹುದಿತ್ತು. ಯಾರೂ ಒದೆಯಲಿಲ್ಲ.

ಒಬ್ಬಳು ಓಡಿದಳು, ಬಿದ್ದಳು, ಬಿದ್ದಲ್ಲಿಂದಲೇ ಚೆಂಡನ್ನು ಹಿಂದಕ್ಕೆ ಚಾಚಿದಳು. ಇನ್ನೊಬ್ಬಳು ಎತ್ತಿಕೊಂಡಳು. ಎರಡು ಹೆಜ್ಜೆ. ಮತ್ತೊಬ್ಬಳು. ಲಾಂಡ್ರಿಯ ದೊಡ್ಡ ಮಷೀನು ತನ್ನ ಸುತ್ತು ಮುಗಿಸಿ ಸುಮ್ಮನಾಯಿತು. ಆ ನಿಶ್ಶಬ್ದದಲ್ಲಿ ಎಲ್ಲರೂ ನೀರಿನೊಳಗೆ ಓಡುತ್ತಿರುವಂತೆ ಚಿನಕುರುಳಿಗೆ ಕಂಡಿತು. ಹೊತ್ತು ಮೀರಿದ ಮೇಲೂ ಇನ್ನೊಂದು ಹೊತ್ತು ಇತ್ತು, ಅದರೊಳಗೆ ಬರೀ ಹಸಿರು, ಬರೀ ಉಸಿರು. ಒಂದು ನಿಮಿಷ. ಎರಡು. ನಾಲ್ಕು.

ಗೆರೆಗೆ ಇನ್ನೊಂದೇ ಮಾರು ಇದ್ದಾಗ ಚೆಂಡು ಚಿಕ್ಕಮ್ಮನಿಗೆ ಸಿಕ್ಕಿತು. ಅವಳು ತಲೆ ತಗ್ಗಿಸಿ ನುಗ್ಗಿದಳು. ಮೂರು ಬೀರುಗಳು ಅವಳ ಮೇಲೆ ಬಿದ್ದವು. ಆ ರಾಶಿಯ ಅಡಿಯಿಂದ ಒಂದು ಕೈ ಹೊರಬಂತು. ಕೈಯಲ್ಲಿ ಚೆಂಡು. ಕುಳ್ಳ ಹುಡುಗಿಯೊಬ್ಬಳು ಅದನ್ನು ಕಿತ್ತುಕೊಂಡವಳೇ ಮೀನಿನ ಹಾಗೆ ಜಾರಿ ಗೆರೆಯಾಚೆ ನೆಲಕ್ಕೆ ಒತ್ತಿದಳು.

“ಐದು!” ಇಸ್ತ್ರಿ ಅಜ್ಜನೇ ಮೊದಲು ಕೂಗಿದ್ದು.

ಅಮ್ಮ ಅಳುತ್ತಿದ್ದಳೋ ನಗುತ್ತಿದ್ದಳೋ ಗೊತ್ತಾಗಲಿಲ್ಲ. ಕ್ಯಾಮೆರಾ ಕುಳ್ಳ ಹುಡುಗಿಯ ಹಿಂದೆಯೇ ಓಡಿತು. ಎಲ್ಲರೂ ಅವಳನ್ನು ಎತ್ತಿ ಕುಣಿಸಿದರು.

“ಸೂಪರ್!” ಜಡ್ಜ್ ಕುಣಿದಳು. ಆಮೇಲೆ ನಿಂತಳು. “ನಿನ್ ಚಿಕ್ಕಮ್ಮ ಎಲ್ಲಿ?”

ಚಿನಕುರುಳಿ ಬಾಯಿ ತೆರೆದಳು. ಕಟ್ಟಿ ಹೇಳುವುದಕ್ಕೆ ಏನು ಬೇಕಾದರೂ ಇತ್ತು.

“ಅವಳು ಕ್ಯಾಪ್ಟನ್ ಅಲ್ಲ ಕಣೇ. ನಾನು ಸುಳ್ಳು ಹೇಳ್ದೆ. ಬದಲಿ ಆಟಗಾರ್ತಿ. ಇವತ್ತೇ ಅವಳ ಫಸ್ಟ್ ಮ್ಯಾಚು.”

ಜಡ್ಜ್ ಸಾಕ್ಷಿ ಕೇಳಲಿಲ್ಲ. “ನಾಳೆ ಕ್ಲಾಸಲ್ಲೂ ಹೇಳ್ತೀಯಾ?”

“ಹೂಂ.”

ಹಬೆ ಮತ್ತೆ ಬಂದು ಕೂತಿತು. ಚಿನಕುರುಳಿ ನಿಧಾನವಾಗಿ ಒರೆಸಿದಳು. ಎಲ್ಲರೂ ಕುಣಿಯುತ್ತಿದ್ದ ಜಾಗದಿಂದ ದೂರದಲ್ಲಿ, ಅಕ್ಕಿಕಾಳಿನಷ್ಟು ಚಿಕ್ಕದಾಗಿ ಒಬ್ಬಳು ಕಾಣುತ್ತಿದ್ದಳು. ತನ್ನ ಮೇಲೆ ಬಿದ್ದಿದ್ದ ಬೀರುವನ್ನು ಕೈಹಿಡಿದು ಎಬ್ಬಿಸುತ್ತಿದ್ದಳು.

ಚಿನಕುರುಳಿ ಫೋನನ್ನು ಗೆಳತಿಯ ಕಡೆಗೆ ತಿರುಗಿಸಿದಳು.

“ಅಗೋ, ಆ ಮೂಲೇಲಿ,” ಎಂದಳು ಮೆಲ್ಲಗೆ. “ಅವಳೇ.”