ಏಳನೆಯ ಪಟ್ಟಿ

“ಆ ತೊಗಲಿನ ಹಾಳೆಗೆ ಚೂರಿ ಹಾಕಬೇಡಪ್ಪಾ. ಕಡೇ ಸಾಲಲ್ಲಿ ಶಾಪ ಬರೆದಿದೆ. ಈ ತೊಗಲು ಸೀಳಿದವನ ತೊಗಲೂ ಪುಸ್ತಕವಾಗಲಿ ಅಂತ.”

ಮುಚ್ಚಿಹೋದ ಮಠದ ಮುದಿ ಸನ್ಯಾಸಿನಿ ವಾಲ್‌ಬುರ್ಗಾ ಅಂಗಡಿ ಬಾಗಿಲಲ್ಲಿ ನಿಂತಿದ್ದಳು. ಎಲ್ಬೆ ನದಿಯ ದಂಡೆಯ ಆ ಪೇಟೆಗೆ ಹೊಸದಾಗಿ ಬಂದಿದ್ದ, ಪುಸ್ತಕ ಕಟ್ಟುವ ಯೋಬ್ಸ್ಟ್ ನಕ್ಕುಬಿಟ್ಟ. ಕ್ರೈಸ್ತರಲ್ಲಿ ಹೊಸ ಮತ ಬಂದು ಮಠಗಳ ಲ್ಯಾಟಿನ್ ಪ್ರಾರ್ಥನೆಗಳೆಲ್ಲ ರದ್ದಿಯಾದ ಕಾಲ. ಅವನ್ನು ಬರೆದಿದ್ದ ಕರುವಿನ ತೊಗಲಿನ ಹಾಳೆಗಳು ಹೊಸ ಪುಸ್ತಕಗಳ ಬೆನ್ನಿಗೆ ಅಂಟಿಸಲು ಬಲು ಗಟ್ಟಿ.

“ಇದನ್ನ ಜೀವಮಾನವಿಡೀ ಗೊಣಗಿ ನಿನಗೆ ಸಿಕ್ಕಿದ್ದೇನಜ್ಜಿ? ಬೊಚ್ಚು ಬಾಯಿ! ಬದುಕಿದ್ದಾಗ ಒಂದು ನೊಣ ಓಡಿಸಲಾರದ ಕರು, ಸತ್ತಮೇಲೆ ನನ್ನನ್ನ ಏನು ಕಿತ್ತೀತು?”

ಅವಳೆದುರೇ ಹಾಳೆಯನ್ನು ಏಳು ಪಟ್ಟಿಯಾಗಿ ಸೀಳಿ, ಬಿಸಿ ಅಂಟು ಬಳಿದು, ಏಳು ಪುಸ್ತಕಗಳ ಬೆನ್ನಿಗೆ ಮೆತ್ತಿದ.

ಮೂರನೇ ದಿನ ಅವನ ಎಡಗೈ ಬೆಳ್ಳಗೆ ಬಿಳಿಚಿಕೊಂಡಿತು. ತೊಗಲು ಹದಮಾಡುವ ಸುಣ್ಣದ ತೊಟ್ಟಿಯ ಕಮಟು ವಾಸನೆ ಅದರಿಂದ ಹೊಡೆಯತೊಡಗಿತು. ಬೆರಳು ಮಡಿಸಿದರೆ ಹಾಳೆ ಮಗುಚಿದ ಸದ್ದು. ಮೊಣಕೈ ಹತ್ತಿರ ಕೆಂಪು ಅಕ್ಷರಗಳು ಮೂಡಿದವು. ಉಜ್ಜಿದ. ಹೋಗಲಿಲ್ಲ. ಕೆರೆದ. ರಕ್ತ ಬರಲಿಲ್ಲ. ಇನ್ನೊಂದು ಸಾಲು ಮೂಡಿತು.

ವಾಲ್‌ಬುರ್ಗಾಳ ಕಾಲಿಗೆ ಬಿದ್ದ.

“ಏಳೂ ಪಟ್ಟಿ ತಾ, ಹೊಲಿದು ಕೂಡಿಸ್ತೀನಿ,” ಎಂದಳು, ಅವನ ಮುಖ ಕೂಡ ನೋಡದೆ.

ಆರು ಪಟ್ಟಿ ಅಂಗಡಿಯಲ್ಲೇ ಇದ್ದವು. ಏಳನೆಯದು ಹೊಸ ಮತದ ಪಾದ್ರಿ ಆಂಬ್ರೋಸನ ಕೀರ್ತನೆಯ ಪುಸ್ತಕದೊಳಗೆ. ಅವನ ಮನೆಗೆ ಹೋಗಿ ಶಾಪದ ಕಥೆ ಹೇಳಿ ಪಟ್ಟಿ ಕೇಳಿದ.

“ಮಠದ ಕಸಾನ ನನ್ನ ಪುಸ್ತಕಕ್ಕೆ ತುರುಕಿದ್ದೀಯೇನೋ ಮುಠ್ಠಾಳ?” ಪಾದ್ರಿ ತಾನೇ ಬೆನ್ನು ಸೀಳಿ, ಪಟ್ಟಿಯನ್ನು ಕಿತ್ತು ಒಲೆಗೆ ಎಸೆದ. “ತಗೋ, ಹೋಯ್ತು ನಿನ್ನ ಶಾಪ!”

ಪಟ್ಟಿ ಸುರುಟಿತು. ಯೋಬ್ಸ್ಟನ ಭುಜದಲ್ಲಿ ಸುಟ್ಟ ಕೂದಲಿನ ನಾತ ಎದ್ದಿತು. ಉಳಿದ ಆರು ಪಟ್ಟಿ ಎತ್ತಿಕೊಂಡು ಮುದುಕಿಯ ಬಳಿಗೆ ಓಡಿದ. ಅಕ್ಷರ ಕುತ್ತಿಗೆ ಹತ್ತಿತು. ಉಸಿರು ಹಾಳೆಯಂತೆ ಪರಪರ ಎಂದಿತು.

ಮುದುಕಿ ಆರು ಪಟ್ಟಿಗಳನ್ನು ಜೋಡಿಸಿ, ನಡುವಿನ ಖಾಲಿ ಜಾಗವನ್ನು ಬೆರಳಿಟ್ಟು ಅಳೆದಳು. ಸೂಜಿಗೆ ದಾರ ಪೋಣಿಸಿದಳು.

“ಏನು ಮಾಡ್ಲಿ ತಾಯಿ?”

ಅವಳು ಅವನದೇ ಚೂರಿಯನ್ನು ಅವನತ್ತ ತಳ್ಳಿದಳು.

ಅವನು ಬೆಳ್ಳಗಿನ ತೋಳನ್ನು ಮೇಜಿನ ಮೇಲೆ ಚಾಚಿದ. ಹಲ್ಲು ಕಚ್ಚಿದ.

“ತೆಳ್ಳಗೆ ಸೀಳು,” ಎಂದಳು ವಾಲ್‌ಬುರ್ಗಾ. “ದಪ್ಪ ತೊಗಲಿಗೆ ಸೂಜಿ ಇಳಿಯಲ್ಲ.”