ಹೊನ್ನಕ್ಕ ಹೊಲಿಯದ ಗವಸು

“ಬಾವ, ಈ ಗವಸನ್ನ ಸೊಲ್ಪ ಕೆಟ್ಟದಾಗಿ ಹೊಲಿ,” ಅಂದಳು ಹೊನ್ನಕ್ಕ.

ಕೆಂಚಣ್ಣನ ಕೈಯ ಸೂಜಿ ಅಲ್ಲೇ ನಿಂತಿತು. ಕಣ್ಣೆತ್ತಿ ನೋಡಿದ. ಆ ನೋಟ ಒಂದು ಗಳಿಗೆ ಹೆಚ್ಚೇ ನಿಂತಿದ್ದರಿಂದ ಹೊನ್ನಕ್ಕ ಸೆರಗು ಸರಿಮಾಡಿಕೊಂಡಳು. ಸೆರಗು ಮೊದಲೇ ಸರಿಯಾಗಿತ್ತು.

ವಿಷಯ ಇಷ್ಟೇ. ಅವಳಪ್ಪ, ಮೊಳಕಾಲ್ಮೂರಿನ ನೇಕಾರ ಬೊಮ್ಮಲಿಂಗಪ್ಪ, ಬಳ್ಳಾರಿಯ ದಂಡುಪ್ರದೇಶದಲ್ಲಿ ಬಿಳಿದೊರೆಯೊಬ್ಬನ ಕುರ್ಚಿಯನ್ನು ಹರಾಜಿನಲ್ಲಿ ಕೂಗಿ ತಂದಿದ್ದ. ಅದರ ಮೆತ್ತೆ ಹರಿದು ನಾರು ಇಣುಕುತ್ತಿತ್ತು. ನಾಳೆ ಮಗಳನ್ನು ನೋಡಲು ಚಳ್ಳಕೆರೆಯಿಂದ ಬರುವವರು ಅದರ ಮೇಲೆ ಕೂರಬೇಕು, ಹೊಸ ಗವಸು ಹುಡುಗಿಯ ಕೈಗೆಲಸವೆಂದು ಮೆಚ್ಚಬೇಕು. ಹುಡುಗಿಗೋ ಮಗ್ಗ ಬಿಟ್ಟರೆ ಹೊಲಿಗೆಯ ಗಂಧಗಾಳಿಯೂ ಇಲ್ಲ. ಅದಕ್ಕೇ ಅಪ್ಪ ತನ್ನ ಅಕ್ಕನ ಮಗ ಕೆಂಚಣ್ಣನನ್ನು ಕರೆಸಿದ್ದ. ಮಗ್ಗ ಬಿಟ್ಟು ದರ್ಜಿಯಾದ ಅಳಿಯನಿಗೆ ಮಗಳನ್ನು ಕೊಡಲೊಲ್ಲ, ಕೆಲಸಕ್ಕೆ ಮಾತ್ರ ಅವನೇ ಬೇಕು!

“ಕೆಟ್ಟದಾಗಿ ಹೊಲಿಯಾಕೆ ನನ್ ಕೈಲಾಗಲ್ಲ,” ಅಂದ ಕೆಂಚಣ್ಣ.

“ಹಂಗಾದ್ರೆ ನಾನು ಚಳ್ಳಕೆರೆಗೆ ಹೋದ್ರೂ ನಿಂಗೇನೂ ಇಲ್ಲ?”

ಅವನು ಮತ್ತೆ ಸೂಜಿಯತ್ತ ಬಗ್ಗಿದ. ಕೆಂಪು ರೇಷ್ಮೆಯ ಮೂರು ಬದಿ ಒಳಗಿನಿಂದ ಹೊಲಿದು, ಮಗುಚಿ, ಮೆತ್ತೆ ತುರುಕಿ, ಉಳಿದ ಬದಿಯನ್ನು ಹೊಲಿಗೆ ಕಾಣದಂತೆ ಮುಚ್ಚಿದ. ಹೊನ್ನಕ್ಕ ದುರುಗುಟ್ಟಿ ನೋಡಿ, ಒಳಗೆ ಹೋಗಿ ಅತ್ತಳು.

ಮರುದಿನ ಹುಡುಗನ ತಾಯಿ ನಾಗಕ್ಕ ಮೆತ್ತೆಯನ್ನು ತಿರುವಿ ಮುರುವಿ ನೋಡಿ, “ಯಾರು ಹೊಲಿದಿದ್ದು?” ಅಂದಳು.

“ನನ್ ಮಗಳೇ,” ಅಂದ ಬೊಮ್ಮಲಿಂಗಪ್ಪ.

“ಅಲ್ರೀ,” ಅಂದಳು ಹೊನ್ನಕ್ಕ. “ನಮ್ ಕೆಂಚಣ್ಣ ಬಾವ. ನಂಗೆ ಸೂಜಿಗೆ ದಾರ ಹಾಕಾಕೂ ಬರಲ್ಲ.”

ಅಪ್ಪ ಇಂಗು ತಿಂದ ಮಂಗನಂತಾದ. ನಾಗಕ್ಕ ನಕ್ಕುಬಿಟ್ಟಳು. “ಸುಳ್ಳು ಹೇಳದ ಸೊಸೆ ಸಿಕ್ಕಿದ್ರೆ ಹೊಲಿಗೆ ಯಾರಿಗ್ ಬೇಕು? ನಮ್ಗೆ ಹುಡುಗಿ ಒಪ್ಪಿಗೆ!”

ಕೆಟ್ಟಿತಲ್ಲ! ಹೊನ್ನಕ್ಕ ಒಂದು ಹೆಜ್ಜೆ ಮುಂದೆ ಬಂದಳು. ಈಗ ನಾಚಿಕೊಂಡರೆ ಬಾಳೇ ಹೋಯಿತು.

“ಇನ್ನೂ ಒಂದು ನಿಜ ಐತ್ರೀ. ಹೊಲಿದೋನೇ ನಂಗೆ ಬೇಕು.”

ನಾಗಕ್ಕ ಬೊಮ್ಮಲಿಂಗಪ್ಪನತ್ತ ತಿರುಗಿದಳು. “ಅಂಗೈಯಾಗೆ ಬೆಣ್ಣೆ ಇಟ್ಕೊಂಡು ತುಪ್ಪಕ್ಕೆ ಊರೆಲ್ಲಾ ಅಲೀತಿದ್ದೀರಲ್ರೀ!”

ಬಂದವರ ಮುಂದೆ ಇನ್ನೇನು ಹೇಳಿಯಾನು? ಅವನು ಹೂಂಗುಟ್ಟಿ ತಲೆಯಾಡಿಸಿದ.

ಹೊನ್ನಕ್ಕ ಅಂಗಳಕ್ಕೆ ಓಡಿದಳು. “ನಿನ್ನೆ ಯಾಕೆ ಬಾಯಿ ಬಿಡ್ಲಿಲ್ಲ?” ಎಂದು ಅಲ್ಲಿ ಕಾಯುತ್ತ ನಿಂತಿದ್ದ ಕೆಂಚಣ್ಣನನ್ನು ದಬಾಯಿಸಿದಳು.

“ಕೆಟ್ಟದಾಗಿ ಹೊಲಿದಿದ್ರೆ ಕೆಡ್ತಿದ್ದಿದ್ದು ನಿನ್ ಹೆಸರು, ಹೊನ್ನಿ. ನೀನು ನಂಗೆ ಸಿಗ್ಲಿ ಅಂತ ನಾಲ್ಕು ಜನರ ಮುಂದೆ ನಿನ್ ಮಾನ ಕಳೀಲಾ?”

ಚಳ್ಳಕೆರೆಯವರೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದರೂ ಅವನ ಕೈ ಹಿಡಿದ ಹೊನ್ನಕ್ಕ ಬಿಡಲೇ ಇಲ್ಲ.